ಮರೆಯ ಅಂಗಗಳಿಗೆ ಮಾನ: ಬ್ಯಾಂಕಾಕ್ ನಗರದ ಲೈಂಗಿಕ ಸೋಂಕುಗಳು ಮತ್ತು ಪೌಲನ ದೇಹಬೋಧನೆ

ಗ್ರೀಸ್ ದೇಶದ ಹಳೆಯ ಕೊರಿಂಥ ಪಟ್ಟಣದಲ್ಲಿ ವೈದ್ಯದೇವತೆಯಾದ ಅಸ್ಕ್ಲೇಪಿಯಸನ ಗುಡಿಯೊಂದಿತ್ತು. ಪುರಾತತ್ತ್ವಜ್ಞರು ಅದನ್ನು ಅಗೆದಾಗ ಸುಟ್ಟ ಮಣ್ಣಿನ ಅಂಗಗಳು ರಾಶಿ ರಾಶಿಯಾಗಿ ದೊರೆತವು. ಕೈ, ಕಾಲು, ಕಿವಿ, ಕಣ್ಣುಗಳ ಜೊತೆಯಲ್ಲಿ ಸ್ತನಗಳೂ ಜನನೇಂದ್ರಿಯಗಳೂ ಇದ್ದವು. ರೋಗಿಗಳು ತಮಗೆ ನೋವಿದ್ದ ಅಂಗದ ಪ್ರತಿರೂಪವನ್ನು ಮಾಡಿಸಿ ಹರಕೆಯಾಗಿ ಒಪ್ಪಿಸುತ್ತಿದ್ದರು. ನಮ್ಮ ನಾಡಿನ ಜಾತ್ರೆಗಳಲ್ಲಿಯೂ ವೇಳಾಂಕಣಿಯಂಥ ಯಾತ್ರಾಸ್ಥಳದಲ್ಲಿಯೂ ಬೆಳ್ಳಿಯ ಕಣ್ಣು, ಕೈಕಾಲುಗಳನ್ನು ಒಪ್ಪಿಸುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಆದರೆ ಆ ಮಣ್ಣಿನ ಹರಕೆಗಳಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿ ಒಂದಿದೆ. ಮರೆಮಾಡಬೇಕಾದ ಅಂಗದ ನೋವನ್ನೂ ದೇವರ ಎದುರಿಗೆ, ಜನರ ಕಣ್ಣಿಗೆ ಕಾಣುವಂತೆ ತಂದಿಡಲು ಆ ಅನ್ಯಧರ್ಮದ ಗುಡಿಯಲ್ಲಿ ಸ್ಥಳವಿತ್ತು. ನಮ್ಮ ಸಭೆಗಳಲ್ಲಿ ಅಂಥ ಸ್ಥಳವಿದೆಯೇ?

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಈ ಲೇಖನದಲ್ಲಿ ಆಧುನಿಕ ಕಾಲದ ಒಂದು ನಗರವನ್ನು ಪರಿಶೀಲಿಸುತ್ತೇವೆ. ಅದು ಥೈಲ್ಯಾಂಡಿನ ರಾಜಧಾನಿ ಬ್ಯಾಂಕಾಕ್. ಇರುಳಿನ ಮೋಜಿಗೆ ಹೆಸರಾದ ಈ ನಗರವನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಲೈಂಗಿಕವಾಗಿ ಹರಡುವ ಸೋಂಕುಗಳು ಒಂದು ದೇಶದಲ್ಲಿ ಹೇಗೆ ಏರಿದವು, ಹೇಗೆ ಇಳಿದವು ಎಂಬುದರ ಲೆಕ್ಕ ಅಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಇದು ಮೊದಲನೆಯದು. ಎರಡನೆಯದಾಗಿ, ಬೆಂಗಳೂರಿನಿಂದ ಬ್ಯಾಂಕಾಕ್ ಸುಮಾರು ನಾಲ್ಕು ಗಂಟೆಗಳ ವಿಮಾನ ಪ್ರಯಾಣ. ಮಾರಾಟದ ಗುರಿ ಮುಟ್ಟಿದ ಡೀಲರುಗಳಿಗೆ ಕಂಪನಿಗಳು ಏರ್ಪಡಿಸುವ ಪ್ರವಾಸ, ಮದುವೆಗೆ ಮುಂಚೆ ಗೆಳೆಯರು ಕೂಡಿ ಹೋಗುವ ಪ್ರವಾಸ ಎಂದರೆ ನಮ್ಮ ನಾಡಿನಲ್ಲಿ ಇಂದು ಬಹಳ ಸಲ ಬ್ಯಾಂಕಾಕ್ ಮತ್ತು ಪಟ್ಟಾಯ ಎಂದೇ ಅರ್ಥ. ಹೋದವರು ಮರಳಿ ತಮ್ಮ ಮನೆಗೆ, ತಮ್ಮ ಸಭೆಗೆ ಬರುತ್ತಾರೆ. ಆದುದರಿಂದ ಇದು ದೂರದ ಊರಿನ ಸುದ್ದಿಯಲ್ಲ.

ನಗರ ಹಾಗಾದ ಬಗೆ

ಕೊರಿಂಥದ ವಿಷಯದಲ್ಲಿ ಬೋಧಕರು ಮಾಡುವ ತಪ್ಪೊಂದನ್ನು ಮೊದಲು ನೆನೆಯೋಣ. ಆ ಪಟ್ಟಣದಲ್ಲಿ ಅಫ್ರೋದಿತೆಯ ಗುಡಿಗೆ ಸೇರಿದ ಸಾವಿರ ವೇಶ್ಯೆಯರಿದ್ದರೆಂದು ನಾವು ಪೀಠದಿಂದ ಹೇಳುವುದುಂಟು. ಸ್ಟ್ರಾಬೋ ಎಂಬ ಭೂಗೋಳಜ್ಞನು ಹಾಗೆ ಬರೆದದ್ದು ಕ್ರಿ.ಪೂ. 146ರಲ್ಲಿ ರೋಮನರು ನೆಲಸಮ ಮಾಡಿದ ಹಳೆಯ ಪಟ್ಟಣವನ್ನು ಕುರಿತು. ಪೌಲನು ಕಂಡದ್ದು ಕ್ರಿ.ಪೂ. 44ರಲ್ಲಿ ಮತ್ತೆ ಸ್ಥಾಪನೆಯಾದ ರೋಮನ್ ಪಟ್ಟಣವನ್ನು. ಹಳೆಯ ಪಟ್ಟಣದ ಮಟ್ಟಿಗೂ ಆ ಸಂಖ್ಯೆಯನ್ನು ಅನೇಕ ವಿದ್ವಾಂಸರು ನಂಬುವುದಿಲ್ಲ. ಎರಡು ಬಂದರುಗಳ ನಡುವಿನ ವ್ಯಾಪಾರಸ್ಥಳದಲ್ಲಿ ಹಣ, ದಾಸತ್ವ, ಊರು ಬಿಟ್ಟು ಬಂದ ಗಂಡಸರು ಕೂಡಿದಾಗ ಏನಾಗುವುದೋ ಕೊರಿಂಥದಲ್ಲಿಯೂ ಅದೇ ಆಗಿತ್ತು. ಊರಿಗೆ ಕೆಟ್ಟ ಹೆಸರಿಟ್ಟು ದೂರ ನಿಲ್ಲುವುದು ಸುಲಭ, ಆ ಹೆಸರಿನ ಹಿಂದಿರುವ ಕಾರಣಗಳನ್ನು ಅರಿಯುವುದು ಕಷ್ಟ.

ಬ್ಯಾಂಕಾಕಿಗೂ ಇದೇ ಮಾತು ಸಲ್ಲುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಅಮೆರಿಕದ ಸೈನಿಕರು ವಿಶ್ರಾಂತಿಗಾಗಿ ಥೈಲ್ಯಾಂಡಿಗೆ ಬರಲು ಎರಡು ಸರಕಾರಗಳ ನಡುವೆ ಒಪ್ಪಂದವಾಯಿತು. ಬ್ಯಾಂಕಾಕಿನಲ್ಲಿ ಬಾರುಗಳ ಬೀದಿಗಳು ಬೆಳೆದವು. ಮೀನುಗಾರರ ಹಳ್ಳಿಯಾಗಿದ್ದ ಪಟ್ಟಾಯ ಮೋಜಿನ ಪಟ್ಟಣವಾಯಿತು. ಯುದ್ಧ ಮುಗಿದು ಸೈನಿಕರು ಹೋದ ಮೇಲೆ ಅದೇ ಬೀದಿಗಳಿಗೆ ಪ್ರವಾಸಿಗರು ಬಂದರು. ಆದರೆ ಇಡೀ ಕಥೆ ಇದಲ್ಲ. ದೇಶದಾದ್ಯಂತ ವೇಶ್ಯಾಗೃಹಗಳಿಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಥಾಯ್ ಗಂಡಸರೇ. ಗೆಳೆಯರೊಡನೆ ಕುಡಿದು ಅಲ್ಲಿಗೆ ಹೋಗುವುದು ತರುಣನು ಗಂಡಸಾಗುವ ರೂಢಿಯೆಂದು ಸಮಾಜ ಸಹಿಸಿಕೊಂಡಿತ್ತು.

ಅಲ್ಲಿದ್ದ ಹೆಣ್ಣುಮಕ್ಕಳು ಬಹುಮಟ್ಟಿಗೆ ಉತ್ತರದ ಗುಡ್ಡಗಾಡಿನಿಂದ ಮತ್ತು ಈಶಾನ್ಯದ ಈಸಾನ್ ಎಂಬ ಮಳೆ ಕಡಿಮೆಯಾದ ಬಡ ಸೀಮೆಯಿಂದ ಬಂದವರು. ತಂದೆ ಪಡೆದ ಮುಂಗಡ ಹಣವನ್ನು ಮಗಳು ದುಡಿದು ತೀರಿಸುವ ಪದ್ಧತಿಯೂ ಇತ್ತು. ಹೆತ್ತವರ ಋಣ ತೀರಿಸುವುದು ಮಕ್ಕಳ ಧರ್ಮವೆಂಬ ಒಳ್ಳೆಯ ನಂಬಿಕೆಯೇ ಇಲ್ಲಿ ಕೊರಳಿನ ಹಗ್ಗವಾಯಿತು. 1960ರ ಕಾನೂನು ವೇಶ್ಯಾವೃತ್ತಿಯನ್ನು ನಿಷೇಧಿಸಿತು. 1966ರ ಮತ್ತೊಂದು ಕಾನೂನು ಮನರಂಜನಾ ಸ್ಥಳಗಳಿಗೆ ಪರವಾನಗಿ ಕೊಟ್ಟಿತು. ಎರಡರ ನಡುವೆ ಮಾಲೀಕನು ಬದುಕಿಕೊಂಡನು, ದಂಡ ತೆತ್ತವಳು ಹೆಣ್ಣು. ದೈವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಒಬ್ಬ ವ್ಯಕ್ತಿಯ ಪಾಪವೆಂದು ನಾವು ಎಣಿಸುವ ಕೃತ್ಯದ ಹಿಂದೆ ಒಂದು ವ್ಯವಸ್ಥೆಯ ಪಾಪ ನಿಂತಿತ್ತು.

ಸೋಂಕು ನಡೆಯುವ ದಾರಿ

ಕನ್ನಡದಲ್ಲಿ ಈ ಕಾಯಿಲೆಗಳಿಗೆ ಗುಪ್ತರೋಗವೆಂಬ ಹೆಸರಿದೆ. ಗುಪ್ತಾಂಗಕ್ಕೆ ತಗಲುವುದರಿಂದ ಆ ಹೆಸರು ಬಂದಿದ್ದರೂ ಇನ್ನೊಂದು ಅರ್ಥದಲ್ಲಿಯೂ ಅದು ಸತ್ಯ. ಈ ರೋಗಗಳ ಮುಖ್ಯ ಲಕ್ಷಣವೇ ಅಡಗಿರುವುದು. ಲೈಂಗಿಕ ಸಂಪರ್ಕದಿಂದ ಹರಡಬಲ್ಲ ಮೂವತ್ತಕ್ಕೂ ಹೆಚ್ಚು ಬಗೆಯ ರೋಗಾಣುಗಳನ್ನು ವೈದ್ಯರು ಗುರುತಿಸಿದ್ದಾರೆ. ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾ, ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕು ಔಷಧದಿಂದ ವಾಸಿಯಾಗುವಂಥವು. ಹೆಪಟೈಟಿಸ್ ಬಿ, ಹರ್ಪಿಸ್, ಎಚ್‌ಐವಿ, ಎಚ್‌ಪಿವಿ ಎಂಬ ನಾಲ್ಕು ವೈರಾಣುವಿನಿಂದ ಬರುವಂಥವು. ವಾಸಿಯಾಗುವ ಆ ನಾಲ್ಕು ಸೋಂಕುಗಳೇ ಲೋಕದಲ್ಲಿ ದಿನವೊಂದಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿಗೆ ಹೊಸದಾಗಿ ತಗಲುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಜನರಿಗೆ ಯಾವ ತೊಂದರೆಯೂ ಕಾಣಿಸದು.

ಸಿಫಿಲಿಸ್ ರೋಗದ ನಡೆಯನ್ನು ನೋಡಿ. ಸೋಂಕು ತಗಲಿ ಸುಮಾರು ಮೂರು ವಾರಗಳಾದ ಮೇಲೆ ಒಂದು ಹುಣ್ಣು ಏಳುತ್ತದೆ. ಅದು ನೋಯುವುದಿಲ್ಲ. ಚಿಕಿತ್ಸೆಯಿಲ್ಲದೆಯೇ ಮಾಯುತ್ತದೆ. ರೋಗಿಯು ದೇವರಿಗೆ ವಂದನೆ ಹೇಳಿ ಮರೆತುಬಿಡುತ್ತಾನೆ. ಕೆಲವು ವಾರಗಳ ಅನಂತರ ಅಂಗೈ ಅಂಗಾಲುಗಳಲ್ಲಿ, ಮೈಮೇಲೆ ಗಂಧೆಯಂಥ ಕಲೆಗಳು ಬಂದು ಅವೂ ಹೋಗುತ್ತವೆ. ಬಳಿಕ ವರ್ಷಗಟ್ಟಲೆ ಮೌನ. ಆ ಮೌನದ ಕೊನೆಯಲ್ಲಿ ಹೃದಯ, ಮಿದುಳು, ನರಗಳಿಗೆ ಹಾನಿಯಾಗಬಹುದು. ಗರ್ಭಿಣಿಯಲ್ಲಿ ಈ ಸೋಂಕಿದ್ದರೆ ಮಗು ಹೊಟ್ಟೆಯಲ್ಲಿಯೇ ಸಾಯಬಹುದು. ಆದರೂ ಆರಂಭದಲ್ಲಿ ಪತ್ತೆಯಾದರೆ ಪೆನಿಸಿಲಿನ್ನಿನ ಒಂದು ಚುಚ್ಚುಮದ್ದು ಸಾಮಾನ್ಯವಾಗಿ ಸಾಕು. ಗೊನೋರಿಯಾ ಮತ್ತು ಕ್ಲಮೀಡಿಯಾ ಹೆಣ್ಣಿನಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಇದ್ದು, ಗರ್ಭನಾಳಗಳನ್ನು ಕೆಡಿಸಿ ಬಂಜೆತನವನ್ನು ತರಬಲ್ಲವು. ಗಂಡನಿಂದ ಬಂದ ಸೋಂಕಿನ ದೆಸೆಯಿಂದ ಮಕ್ಕಳಾಗದೆ ಹೋದವಳಿಗೂ ಬಂಜೆಯೆಂಬ ಹೆಸರು ಬರುವುದುಂಟು.

ಪರಿಚಯವಿಲ್ಲದವರೊಡನೆ ಒಂದು ರಾತ್ರಿಯ ಮಟ್ಟಿಗೆ ಕೂಡುವ ಸಂಬಂಧವು ಸೋಂಕಿಗೆ ಏಕೆ ಹೆದ್ದಾರಿಯಾಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ಅಲ್ಲಿ ಕೂಡುವವರು ಇಬ್ಬರೇ ಎಂದು ಕಾಣುತ್ತದೆ. ರೋಗಾಣುವಿನ ಲೆಕ್ಕದಲ್ಲಿ ಅವರಿಬ್ಬರ ಹಿಂದೆ ಹಿಂದಿನ ಸಂಗಾತಿಗಳೂ ಅವರ ಸಂಗಾತಿಗಳೂ ಸಾಲಾಗಿ ನಿಂತಿರುತ್ತಾರೆ. ನೋಡಲು ಆರೋಗ್ಯವಂತನಾಗಿರುವವನು ಆರೋಗ್ಯವಂತನೆಂದು ನಂಬುವಂತಿಲ್ಲ. ಕುಡಿತವು ವಿವೇಕವನ್ನೂ ಎಚ್ಚರವನ್ನೂ ಒಟ್ಟಿಗೆ ಸಡಿಲಿಸುತ್ತದೆ. ಕೊನೆಗೆ ಸೋಂಕು ಪತ್ತೆಯಾದಾಗ ಆ ರಾತ್ರಿಯ ಸಂಗಾತಿಯ ಹೆಸರೂ ಗೊತ್ತಿರುವುದಿಲ್ಲ. ಎಚ್ಚರಿಕೆ ಹೇಳಬೇಕೆಂದರೂ ಯಾರಿಗೆ ಹೇಳುವುದು?

ಔಷಧವಿದೆಯಲ್ಲ ಎಂಬ ಧೈರ್ಯವೂ ಈಗ ಸಡಿಲವಾಗುತ್ತಿದೆ. ಗೊನೋರಿಯಾದ ರೋಗಾಣುವು ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಎಂದು ಒಂದೊಂದೇ ಔಷಧವನ್ನು ಸೋಲಿಸುತ್ತಾ ಬಂದಿದೆ. 2018ರಲ್ಲಿ ಬ್ರಿಟನ್ನಿನ ಒಬ್ಬ ರೋಗಿಯಲ್ಲಿ, ವೈದ್ಯರು ಮೊದಲಿಗೆ ಕೊಡುವ ಎರಡು ಔಷಧಗಳಿಗೂ ಜಗ್ಗದ ಗೊನೋರಿಯಾ ಕಂಡುಬಂದಿತು. ಅದು ಅವನಿಗೆ ತಗಲಿದ್ದು ಆಗ್ನೇಯ ಏಷ್ಯಾದ ಪ್ರವಾಸದಲ್ಲಿ.

1989ರಿಂದ 1993

ಥೈಲ್ಯಾಂಡಿನಲ್ಲಿ ಏಡ್ಸ್ ರೋಗದ ಮೊದಲ ಪ್ರಕರಣ ವರದಿಯಾದದ್ದು 1984ರಲ್ಲಿ. ಕೆಲವು ವರ್ಷ ಅದನ್ನು ಪರದೇಶದವರ ರೋಗವೆಂದು ಬದಿಗೆ ಸರಿಸಲಾಯಿತು. ಇದು ಹಳೆಯ ಚಾಳಿ. ನಮ್ಮ ದೇಶದ 16ನೆಯ ಶತಮಾನದ ವೈದ್ಯಗ್ರಂಥವಾದ ಭಾವಪ್ರಕಾಶವೂ ಸಿಫಿಲಿಸ್ಸನ್ನು ಫಿರಂಗಿಗಳ ಹೆಸರಿನಿಂದಲೇ ಕರೆಯಿತು. 1987 ಥೈಲ್ಯಾಂಡಿನಲ್ಲಿ ಪ್ರವಾಸೋದ್ಯಮದ ವರ್ಷವಾಗಿತ್ತು. ರೋಗದ ಮಾತನ್ನು ಗಟ್ಟಿಯಾಗಿ ಆಡಿದರೆ ಪ್ರವಾಸಿಗರು ಬಾರದೆ ಹೋದಾರೆಂಬ ಭಯ ಆಳುವವರಿಗಿತ್ತು. ಸೋಂಕಿಗೆ ಬೇಕಾದದ್ದೂ ಅದೇ ಮೌನ.

1989ರ ಜೂನ್ ತಿಂಗಳಲ್ಲಿ ಸರಕಾರವು ಮೊದಲ ಬಾರಿಗೆ ವ್ಯವಸ್ಥಿತವಾಗಿ ಎಣಿಸಿತು. ಉತ್ತರದ ಚಿಯಾಂಗ್ ಮಾಯ್ ಪಟ್ಟಣದ ವೇಶ್ಯಾಗೃಹಗಳಲ್ಲಿ ಪರೀಕ್ಷೆಗೊಳಗಾದ ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿಗೆ ಎಚ್‌ಐವಿ ಸೋಂಕಿತ್ತು. ಸೈನ್ಯಕ್ಕೆ ಆಯ್ಕೆಯಾಗುವ 21ರ ವಯಸ್ಸಿನ ತರುಣರನ್ನು ಪರೀಕ್ಷಿಸಿದಾಗ ಸೋಂಕು ಹಳ್ಳಿಹಳ್ಳಿಯ ಮನೆಗಳಿಗೆ ಬಂದಿರುವುದು ತಿಳಿಯಿತು. ಉತ್ತರದ ಪ್ರಾಂತ್ಯಗಳಲ್ಲಿ 1991 ಮತ್ತು 1993ರಲ್ಲಿ ಸೇರಿದ ತರುಣರಲ್ಲಿ ಹತ್ತು ಮಂದಿಗೆ ಒಬ್ಬನಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸೋಂಕು ಕಂಡಿತು. ಮೆಚ್ಚಬೇಕಾದ ವಿಷಯವೆಂದರೆ, ಎಣಿಸಿದ್ದನ್ನು ಮುಚ್ಚಿಡದೆ ಪ್ರಕಟಿಸಿದರು.

ರಾಚಬುರಿ ಪ್ರಾಂತ್ಯದಲ್ಲಿ ಡಾ. ವಿವಾತ್ ರೋಜನಪಿತಾಯಾಕಾರ್ನ್ ಎಂಬ ವೈದ್ಯಾಧಿಕಾರಿ 1989ರ ಕೊನೆಯಲ್ಲಿ ಒಂದು ಕ್ರಮವನ್ನು ಆರಂಭಿಸಿದರು. ಕಾಂಡೋಮ್ ಬಳಸಬೇಕೆಂದು ಒಬ್ಬ ಹೆಣ್ಣು ಹಟ ಹಿಡಿದರೆ ಗಿರಾಕಿ ಪಕ್ಕದವಳ ಬಳಿಗೆ ಹೋಗುತ್ತಾನೆ, ಒಂದು ಮನೆಯವರು ಹಟ ಹಿಡಿದರೆ ಪಕ್ಕದ ಮನೆಗೆ ಹೋಗುತ್ತಾನೆ. ಆದುದರಿಂದ ಪ್ರಾಂತ್ಯದ ಎಲ್ಲ ಮನೆಗಳಲ್ಲಿಯೂ ಒಂದೇ ನಿಯಮವಿರಬೇಕು, ಗಿರಾಕಿಗೆ ಹೋಗಲು ಬೇರೆ ಜಾಗವಿರಬಾರದು ಎಂಬುದು ಅವರ ಯೋಚನೆ. ಕ್ಲಿನಿಕ್ಕಿಗೆ ಲೈಂಗಿಕ ರೋಗದೊಡನೆ ಬಂದ ಗಂಡಸನ್ನು, ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಿದ್ದರು. ಆ ಮನೆಯ ಮಾಲೀಕನಿಗೆ ಎಚ್ಚರಿಕೆ ಹೋಗುತ್ತಿತ್ತು. ನಿಯಮ ಮೀರಿದರೆ ಬಾಗಿಲು ಮುಚ್ಚಿಸುತ್ತಿದ್ದರು. ಹೊಣೆಯು ಬಡ ಹೆಣ್ಣಿನ ಮೇಲಿಂದ ಮಾಲೀಕನ ಮತ್ತು ಗಿರಾಕಿಯ ಮೇಲೆ ಬಿದ್ದಿತು.

1991ರಲ್ಲಿ ಆನಂದ್ ಪನ್ಯಾರಚುನ್ ಪ್ರಧಾನಿಯಾದಾಗ ಏಡ್ಸ್ ಸಮಿತಿಯು ಪ್ರಧಾನಿಯ ನೇರ ಅಧೀನಕ್ಕೆ ಬಂದಿತು. ಕುಟುಂಬ ಯೋಜನೆಯ ಕೆಲಸದಿಂದ ಮನೆಮಾತಾಗಿದ್ದ ಮೀಚೈ ವೀರವೈದ್ಯ ಅವರು ಮಂತ್ರಿಯಾಗಿ ಜನರಿಗೆ ತಿಳಿವಳಿಕೆ ಕೊಡುವ ಕೆಲಸದ ಮುಂದಾಳಾದರು. ರೇಡಿಯೋ ಮತ್ತು ಟೆಲಿವಿಷನ್ನುಗಳು ಈ ಮಾತನ್ನು ದಿನವಿಡೀ ಬಿತ್ತರಿಸಿದವು. ವೇಶ್ಯಾಗೃಹಗಳಲ್ಲಿ ಕಾಂಡೋಮ್ ಬಳಕೆಯು 1989ರಲ್ಲಿ ಶೇ 14 ಇದ್ದದ್ದು 1993ರ ಹೊತ್ತಿಗೆ ಶೇ 94 ಆಯಿತು. ಸರಕಾರಿ ಕ್ಲಿನಿಕ್ಕುಗಳಿಗೆ ಬರುವ ಗಂಡಸರಲ್ಲಿ ಐದು ಮುಖ್ಯ ಲೈಂಗಿಕ ರೋಗಗಳು ಶೇ 79ರಷ್ಟು ಇಳಿದವು. 2016ರಲ್ಲಿ, ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟುವುದನ್ನು ಇಲ್ಲವಾಗಿಸಿದ ಏಷ್ಯಾದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಥೈಲ್ಯಾಂಡನ್ನು ದೃಢೀಕರಿಸಿತು.

ಲೆಕ್ಕವು ಹೇಳುವುದು, ಹೇಳದೆ ಬಿಡುವುದು

ಈ ಚರಿತ್ರೆಯನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳುವವರು ಎರಡು ಬಗೆಯಾಗಿದ್ದಾರೆ. ಕಾಂಡೋಮ್ ಒಂದೇ ಸಾಕು, ಸಂಯಮದ ಮಾತು ವ್ಯರ್ಥ ಎಂಬುವರು ಕೆಲವರು. ಸಂಯಮವೊಂದೇ ದಾರಿ, ಕಾಂಡೋಮಿನ ಹೆಸರೆತ್ತುವುದೇ ಪಾಪಕ್ಕೆ ಪರವಾನಗಿ ಎಂಬುವರು ಇನ್ನು ಕೆಲವರು. ಎರಡನೆಯವರು ನಮ್ಮ ಸಭೆಗಳಲ್ಲಿ ಹೆಚ್ಚು. ಲೆಕ್ಕವು ಇಬ್ಬರನ್ನೂ ತಿದ್ದುತ್ತದೆ. ಒಂದು ವರ್ಷದ ಅವಧಿಯಲ್ಲಿ ಹಣ ಕೊಟ್ಟು ಸಂಭೋಗಕ್ಕೆ ಹೋದ ಥಾಯ್ ಗಂಡಸರ ಪ್ರಮಾಣವು 1990ರಲ್ಲಿ ಶೇ 22 ಇದ್ದದ್ದು 1993ರಲ್ಲಿ ಶೇ 10ಕ್ಕೆ ಇಳಿಯಿತು. ಜನರು ತಮ್ಮನ್ನು ಕಾಪಾಡಿಕೊಂಡದ್ದೂ ನಿಜ, ತಮ್ಮ ನಡತೆಯನ್ನು ಬದಲಿಸಿಕೊಂಡದ್ದೂ ನಿಜ. ಸತ್ಯವನ್ನು ಕೇಳಿದ ಜನ ಇನ್ನಷ್ಟು ಸಡಿಲವಾಗಲಿಲ್ಲ, ಹೆಚ್ಚು ಎಚ್ಚರವುಳ್ಳವರಾದರು. ಸೋಂಕಿನ ಬಗ್ಗೆ ಮಾತಾಡಿದರೆ ಯುವಜನರು ಕೆಟ್ಟಾರೆಂದು ಅಂಜುವ ಸಭಾಪಾಲಕರು ಇದನ್ನು ಗಮನಿಸಬೇಕು.

ಈ ಯೋಜನೆಗೆ ಕುಂದುಗಳೂ ಇದ್ದವು. ಅದರಲ್ಲಿದ್ದ ಬಲವಂತವನ್ನು ಲೈಂಗಿಕ ವೃತ್ತಿಯಲ್ಲಿರುವವರ ಸಂಘಟನೆಗಳು ಟೀಕಿಸಿವೆ. ಹೆಣ್ಣಿಗೆ ಪರೀಕ್ಷೆ ಕಡ್ಡಾಯ, ಗಿರಾಕಿಗೆ ಅಲ್ಲ ಎಂಬುದು ಅವರ ಆಕ್ಷೇಪ. ಎರಡನೆಯ ಕುಂದು ಮನೆಯೊಳಗಿನದು. ವೇಶ್ಯಾಗೃಹದಲ್ಲಿ ನಿಯಮ ಪಾಲಿಸಿದ ಗಂಡಸು ತನ್ನ ಮನೆಯಲ್ಲಿ ಪಾಲಿಸಲಿಲ್ಲ. ಕಾಂಡೋಮ್ ಬೇಕೆಂದು ಕೇಳುವುದೇ ಗಂಡನ ಮೇಲೆ ಅಪನಂಬಿಕೆಯೆಂದು ಹೆಂಡತಿಯು ಕೇಳಲಿಲ್ಲ. ಹೀಗೆ ಮುಂದಿನ ವರ್ಷಗಳಲ್ಲಿ ಹೊಸದಾಗಿ ಎಚ್‌ಐವಿ ತಗಲಿದವರಲ್ಲಿ ದೊಡ್ಡ ಪಾಲು, ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದ ಹೆಂಡತಿಯರದಾಯಿತು. ರೋಗವು ಪಾಪಿಗೆ ಬಂದ ದಂಡನೆ ಎನ್ನುವ ಬೋಧನೆ ಈ ಹೆಣ್ಣಿನ ಎದುರಿನಲ್ಲಿ ನಿಲ್ಲಲಾರದು. ಹುಟ್ಟುಕುರುಡನ ವಿಷಯದಲ್ಲಿ ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ತಿರಸ್ಕರಿಸಿದನೆಂಬುದನ್ನು (ಯೋಹಾನ 9:1–3) ನಾವು ಮರೆಯಬಾರದು.

ಮೂರನೆಯದು ಇಂದಿನ ಮಾತು. ಭಯವು ತಲೆಮಾರಿನಿಂದ ತಲೆಮಾರಿಗೆ ತಾನಾಗಿ ಇಳಿದು ಬರುವುದಿಲ್ಲ. ಏಡ್ಸ್ ಸಾವುಗಳನ್ನು ಕಣ್ಣಾರೆ ಕಾಣದ ಯುವಜನರಲ್ಲಿ ಸಿಫಿಲಿಸ್ ಮತ್ತು ಗೊನೋರಿಯಾ ಮತ್ತೆ ಹೆಚ್ಚುತ್ತಿರುವುದಾಗಿ ಥೈಲ್ಯಾಂಡಿನ ರೋಗ ನಿಯಂತ್ರಣ ಇಲಾಖೆ ಇತ್ತೀಚೆಗೆ ಎಚ್ಚರಿಸುತ್ತಾ ಬಂದಿದೆ. ಈಗಿನ ಭೇಟಿಗಳು ಬಹುಮಟ್ಟಿಗೆ ಮೊಬೈಲಿನಲ್ಲಿ ಆರಂಭವಾಗುತ್ತವೆ. ಅಲ್ಲಿ ಮುಚ್ಚಿಸಲು ಬಾಗಿಲಿಲ್ಲ, ಎಚ್ಚರಿಸಲು ಮಾಲೀಕನಿಲ್ಲ. ಉಳಿದಿರುವುದು ಮನುಷ್ಯನ ಅರಿವು ಮತ್ತು ಮನಸ್ಸಾಕ್ಷಿ. ಸರಕಾರದ ಕೈ ಮೋಟಾಗುವ ಈ ಸ್ಥಳದಲ್ಲಿ ಸಭೆಯ ಕೆಲಸ ಮೊದಲಾಗುತ್ತದೆ.

ಆರನೆಯ ಅಧ್ಯಾಯ ಮತ್ತು ಹನ್ನೆರಡನೆಯ ಅಧ್ಯಾಯ

ಕ್ರಿ.ಶ. 54ರ ಆಸುಪಾಸಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯು ದೇಹದ ಮಾತನ್ನು ಎರಡು ಕಡೆಗಳಲ್ಲಿ ವಿಸ್ತಾರವಾಗಿ ಆಡುತ್ತದೆ. ಮೊದಲನೆಯದು 6:12–20. ಹಸಿವಾದಾಗ ಉಣ್ಣುವಂತೆ ಕಾಮವನ್ನೂ ತೀರಿಸಿಕೊಂಡರೆ ತಪ್ಪೇನು ಎಂದು ಆ ಸಭೆಯ ಕೆಲವರು ವಾದಿಸುತ್ತಿದ್ದರು. ಪೌಲನು ಅದನ್ನು ಒಪ್ಪಲಿಲ್ಲ. ದೇಹ ಕೆಟ್ಟದ್ದೆಂಬ ಕಾರಣದಿಂದ ಅವನು ಹಾಗೆ ಮಾಡಲಿಲ್ಲ, ದೇಹವು ಅವರು ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದೆಂದು ಅರಿತು ಮಾಡಿದನು. ದೇಹವು ಕರ್ತನಿಗಾಗಿ ಇರುವಂಥದು, ಪುನರುತ್ಥಾನವನ್ನು ಕಾಣಲಿರುವಂಥದು, ಪವಿತ್ರಾತ್ಮನು ವಾಸಿಸುವ ಗರ್ಭಗುಡಿ. ಒಂದು ರಾತ್ರಿಯ ಸಂಬಂಧವೂ ಇಬ್ಬರನ್ನು ಒಂದು ಮಾಡುತ್ತದೆ, ಬೆಳಗಾದೊಡನೆ ಅದು ಇಲ್ಲದಂತಾಗದು ಎಂಬುದು ಅವನ ವಾದ. ಬಳಿಕ ಅವನು ಸಂತೆಯ ಮಾತನ್ನೇ ಎತ್ತಿಕೊಂಡು, ವಿಶ್ವಾಸಿಗಳು ಕ್ರಯ ಕೊಟ್ಟು ಕೊಳ್ಳಲ್ಪಟ್ಟವರೆಂದು ಹೇಳುತ್ತಾನೆ. ದಾಸಿಯರನ್ನು ಕೊಂಡು ಮಾರುತ್ತಿದ್ದ ಪಟ್ಟಣದಲ್ಲಿ ಆ ಮಾತು ಸುಮ್ಮನೆ ಬಂದದ್ದಲ್ಲ. ಕ್ರಿಸ್ತನು ಬೆಲೆ ಕೊಟ್ಟ ದೇಹಕ್ಕೆ ಇನ್ನೊಬ್ಬನು ರಾತ್ರಿಯ ಬೆಲೆ ಕಟ್ಟುವ ಹಾಗಿಲ್ಲ. ಇಲ್ಲಿ ಪೌಲನು ಗದರುವುದು ಹಣ ಕೊಟ್ಟು ಹೋಗುವ ಗಂಡಸರನ್ನು. ಆ ಹೆಣ್ಣಿನ ಮೇಲೆ ಒಂದು ಬೈಗುಳವೂ ಈ ಭಾಗದಲ್ಲಿಲ್ಲ. ಮುಂದಿನ ಅಧ್ಯಾಯದಲ್ಲಿ, ಗಂಡನಿಗೆ ಹೆಂಡತಿಯ ದೇಹದ ಮೇಲೆ ಎಷ್ಟು ಅಧಿಕಾರವೋ ಹೆಂಡತಿಗೆ ಗಂಡನ ದೇಹದ ಮೇಲೆ ಅಷ್ಟೇ ಅಧಿಕಾರವೆಂದು (7:4) ಅವನು ಬರೆದದ್ದು, ಸೋಂಕನ್ನು ಮನೆಗೆ ತರುವ ಗಂಡನಿಗೆ ನೇರವಾಗಿ ತಟ್ಟುವ ಮಾತು.

ಎರಡನೆಯದು 12:12–27. ಸಭೆಯು ಕ್ರಿಸ್ತನ ದೇಹ. ನಮಗೆ ಮಾನಕಡಿಮೆಯೆಂದು ತೋರುವ ಅಂಗಗಳಿಗೆ ನಾವು ಹೆಚ್ಚಿನ ಮಾನವನ್ನು ಕೊಟ್ಟು ಮುಚ್ಚಿ ಕಾಪಾಡುತ್ತೇವೆ, ದೇವರೂ ದೇಹವನ್ನು ಹಾಗೆಯೇ ಹೊಂದಿಸಿದ್ದಾನೆ, ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎನ್ನುತ್ತಾನೆ ಪೌಲನು. ಅಸ್ಕ್ಲೇಪಿಯಸನ ಗುಡಿಯ ಮಣ್ಣಿನ ಅಂಗಗಳನ್ನು ಈ ಭಾಗದೊಡನೆ ಜೋಡಿಸಿ ನೋಡಿದ ವಿದ್ವಾಂಸರಿದ್ದಾರೆ. ಆ ಹರಕೆಗಳು ಪೌಲನ ಕಾಲಕ್ಕಿಂತ ಶತಮಾನಗಳಷ್ಟು ಹಿಂದಿನವಾದುದರಿಂದ ಅವನು ಅವುಗಳನ್ನು ಕಂಡೇ ಬರೆದನೆಂದು ನಾವು ಸಾಧಿಸುವುದಿಲ್ಲ. ಆದರೂ ವ್ಯತ್ಯಾಸವು ಕಣ್ಣಿಗೆ ಕಟ್ಟುತ್ತದೆ. ಗುಡಿಯಲ್ಲಿ ಅಂಗಗಳು ಬಿಡಿಬಿಡಿಯಾಗಿ ಬಿದ್ದಿವೆ, ಪ್ರತಿಯೊಂದೂ ಒಬ್ಬೊಬ್ಬನ ಒಂಟಿ ನೋವು. ಪೌಲನ ದೇಹದಲ್ಲಿ ಮರೆಯ ಅಂಗವೂ ಉಳಿದ ಅಂಗಗಳಿಗೆ ಕೂಡಿಕೊಂಡಿದೆ, ಅದರ ನೋವು ಎಲ್ಲರದು.

ಇಲ್ಲಿ ಮುಚ್ಚುವುದು ಎಂಬ ಮಾತಿಗೆ ಎರಡು ಅರ್ಥಗಳಿವೆ. ನೋವನ್ನು ಕಾಣದ ಹಾಗೆ ಮುಚ್ಚುವುದೊಂದು, ನೊಂದವನ ಮಾನ ಹೋಗದ ಹಾಗೆ ಮುಚ್ಚುವುದೊಂದು. ಮೊದಲನೆಯದು ರೋಗವನ್ನು ಬೆಳೆಸುತ್ತದೆ, ಎರಡನೆಯದು ರೋಗಿಯನ್ನು ಉಳಿಸುತ್ತದೆ. ಆರನೆಯ ಅಧ್ಯಾಯವನ್ನು ಮಾತ್ರ ಓದುವ ಸಭೆಯು ಶುದ್ಧತ್ವವನ್ನು ಬೋಧಿಸುತ್ತದೆ, ಆದರೆ ಬಿದ್ದವನು ಅಲ್ಲಿ ಬಾಯಿ ತೆರೆಯಲಾರನು. ಹನ್ನೆರಡನೆಯ ಅಧ್ಯಾಯವನ್ನು ಮಾತ್ರ ಓದುವ ಸಭೆಯು ಸಂತೈಸುತ್ತದೆ, ಆದರೆ ದೇಹವನ್ನು ಹೇಗೆ ಬಳಸಬೇಕೆಂದು ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಪೌಲನು ಎರಡನ್ನೂ ಒಂದೇ ಸಭೆಗೆ, ಒಂದೇ ಪತ್ರಿಕೆಯಲ್ಲಿ ಬರೆದನು.

ಥೈಲ್ಯಾಂಡಿನ ಕ್ರೈಸ್ತರು ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೆ ಒಬ್ಬರು. ಅವರಲ್ಲಿ ಈ ಎರಡು ಅಧ್ಯಾಯಗಳನ್ನೂ ಕೂಡಿಸಿ ಓದಿದವರಿದ್ದರು. 1908ರಲ್ಲಿ ಡಾ. ಜೇಮ್ಸ್ ಮೆಕೀನ್ ಎಂಬ ಪ್ರೆಸ್ಬಿಟೇರಿಯನ್ ಮಿಷನರಿ ಚಿಯಾಂಗ್ ಮಾಯ್ ಬಳಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದ ಮಾದರಿ ಅವರ ಮುಂದಿತ್ತು. ಬ್ಯಾಂಕಾಕಿನ ಕ್ಲಾಂಗ್ ತೋಯ್ ಕೊಳೆಗೇರಿಯಲ್ಲಿ ರಿಡೆಂಪ್ಟರಿಸ್ಟ್ ಪಾದ್ರಿ ಜೋ ಮೇಯರ್ ಅವರು ನಡೆಸಿದ ಮರ್ಸಿ ಸೆಂಟರ್, ಮನೆಯವರು ಕೈಬಿಟ್ಟ ಏಡ್ಸ್ ರೋಗಿಗಳಿಗೂ ಸೋಂಕಿನೊಡನೆ ಹುಟ್ಟಿದ ಮಕ್ಕಳಿಗೂ ಮನೆಯಾಯಿತು.

ನಮ್ಮ ಸಭೆಗಳಲ್ಲಿ

ಹಾಗಾದರೆ ನಮ್ಮ ಸಭಾಪಾಲಕರು ಮಾಡಬೇಕಾದದ್ದೇನು? ಮೊದಲನೆಯದಾಗಿ, ತಿಳಿದು ಮಾತಾಡಬೇಕು. ದೃಢೀಕರಣದ ತರಗತಿಯಲ್ಲಿಯೂ ಮದುವೆಗೆ ಮುಂಚಿನ ಬೋಧನೆಯಲ್ಲಿಯೂ ಈ ಸೋಂಕುಗಳ ಹೆಸರನ್ನು ಹೆಸರಾಗಿಯೇ ಹೇಳಬೇಕು. ಮದುವೆಯ ಪವಿತ್ರತೆಯನ್ನು ನಾಚದೆ ಬೋಧಿಸುವ ನಾವು ಸೋಂಕು ಹರಡುವ ಬಗೆಯನ್ನೂ ನಾಚದೆ ತಿಳಿಸಬೇಕು. ಎಚ್‌ಪಿವಿ ಮತ್ತು ಹೆಪಟೈಟಿಸ್ ಬಿ ಸೋಂಕುಗಳನ್ನು ಲಸಿಕೆಯಿಂದ ತಡೆಯಬಹುದು. ಎಚ್‌ಪಿವಿ ಲಸಿಕೆಯು ಹೆಣ್ಣುಮಕ್ಕಳನ್ನು ಗರ್ಭಕೊರಳಿನ ಕ್ಯಾನ್ಸರಿನಿಂದ ಕಾಯುತ್ತದೆ. ಕ್ರಮವಾಗಿ ಔಷಧ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಬಂದ ಎಚ್‌ಐವಿ ಪೀಡಿತನಿಂದ ಅವನ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಇದು ತಿಳಿದಿದ್ದರೆ ಎಷ್ಟೋ ಮನೆಗಳು ಒಡೆಯದೆ ಉಳಿಯುತ್ತವೆ.

ಎರಡನೆಯದಾಗಿ, ಗುಟ್ಟನ್ನು ಕಾಯಬೇಕು. ಭಾರತದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಒಬ್ಬನ ಸೋಂಕಿನ ವಿಷಯವನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ನಿಷೇಧಿಸುತ್ತದೆ. ಪ್ರಾರ್ಥನಾ ವಿಷಯವೆಂಬ ನೆಪದಿಂದ ಸುದ್ದಿ ಹರಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದು ಕಾನೂನಿಗೂ ವಿರೋಧ, ಕೃಪೆಗೂ ವಿರೋಧ. ಮದುವೆಗೆ ಮುಂಚೆ ಎಚ್‌ಐವಿ ಪರೀಕ್ಷೆಯ ಪತ್ರವನ್ನು ಕೇಳುವ ಪದ್ಧತಿಯೂ ಕೆಲವೆಡೆ ಇದೆ. ವಧೂವರರು ತಾವಾಗಿ ಪರೀಕ್ಷಿಸಿಕೊಂಡು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಪ್ರೀತಿಯ ಲಕ್ಷಣ. ಅದನ್ನೇ ಸಮಿತಿಯ ಮೇಜಿನ ಮೇಲೆ ಇಡಿಸುವುದು ಪ್ರೀತಿಯಲ್ಲ.

ಮೂರನೆಯದಾಗಿ, ದಾರಿ ತೋರಿಸಬೇಕು. ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಈ ರೋಗಗಳಿಗೆ ಸಲಹೆಯೂ ಚಿಕಿತ್ಸೆಯೂ ದೊರೆಯುತ್ತವೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆಮಾಡಬಹುದು. ಪಶ್ಚಾತ್ತಾಪದಿಂದ ಬಂದವನಿಗೆ ಪ್ರಾರ್ಥನೆ ಮಾಡಿ ಕಳುಹಿಸಿದರೆ ನಮ್ಮ ಕೆಲಸ ಅರ್ಧವಾಯಿತು. ಪರೀಕ್ಷೆಗೆ ಜೊತೆಯಲ್ಲಿ ಹೋಗುವುದು, ಹೆಂಡತಿಗೆ ಸತ್ಯವನ್ನು ಹೇಳುವಂತೆ ಧೈರ್ಯ ಕೊಡುವುದು, ಅವಳಿಗೂ ಚಿಕಿತ್ಸೆ ದೊರೆಯುವಂತೆ ನೋಡುವುದು ಉಳಿದರ್ಧ. ಗಂಡನಿಗೆ ಮಾತ್ರ ಔಷಧವಾದರೆ ಸೋಂಕು ಮತ್ತೆ ಅವನಿಗೇ ಮರಳುತ್ತದೆ. ಪಾಪದ ಅರಿಕೆಯೂ ರೋಗದ ಅರಿಕೆಯೂ ಇಲ್ಲಿ ಒಂದೇ ದಾರಿಯಲ್ಲಿ ನಡ‍ೆಯುತ್ತವೆ. ಎರಡಕ್ಕೂ ಬೇಕಾದದ್ದು ಸತ್ಯವನ್ನು ಹೇಳಿದರೂ ನನ್ನನ್ನು ತಳ್ಳಿಬಿಡುವುದಿಲ್ಲ ಎಂಬ ಭರವಸೆ.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆಯನ್ನು (ಮಾರ್ಕ 5:25–34) ನಾವು ನಂಬಿಕೆಗೆ ಮಾದರಿಯಾಗಿ ಬೋಧಿಸುತ್ತೇವೆ. ಅವಳ ರೋಗವೂ ಹೇಳಿಕೊಳ್ಳಲಾಗದ ಅಂಗದ ರೋಗವಾಗಿತ್ತು. ವೈದ್ಯರಿಗೆ ಸುರಿದು ಕೈ ಬರಿದಾಗಿತ್ತು. ಅವಳು ಜನಸಂದಣಿಯಲ್ಲಿ ಹಿಂದಿನಿಂದ ಬಂದಳು, ಏಕೆಂದರೆ ಎದುರಿನಿಂದ ಬರುವ ದಾರಿಯನ್ನು ಅವಳ ಜನರು ಮುಚ್ಚಿದ್ದರು. ಕರ್ತನು ನಿಂತನು, ಅವಳು ನಡೆದದ್ದನ್ನೆಲ್ಲ ಹೇಳುವ ತನಕ ಕಾದನು, ಆಮೇಲೆ ಅವಳನ್ನು ಮಗಳೆಂದು ಕರೆದನು. ಈ ವಾರ ನಮ್ಮ ಸಭೆಯ ಕೊನೆಯ ಬೆಂಚಿನಲ್ಲಿ ಕುಳಿತವರಲ್ಲಿಯೂ ಒಬ್ಬನು ಅಥವಾ ಒಬ್ಬಳು ಹಾಗೆ ಹಿಂದಿನಿಂದ ಬಂದಿರಬಹುದು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈಕುಲುಕಿ ಕಳುಹಿಸುವ ಸಭಾಪಾಲಕರು ಸ್ವಲ್ಪ ಹೊತ್ತು ನಿಂತು ಕಾಯುವುದಾದರೆ, ಅವರು ಮಾತಾಡಿಯಾರು.